ಗುಂಯ್‌ಗುಡುವ ಪೆಟ್ಟಿಗೆ

ಮಕ್ಕಳೇ, ಇದನ್ನು ಓದುವ ಮೊದಲು ಅಡುಗೆಮನೆಯಿಂದ ಒಂದು ಸ್ಟೀಲ್ ತಟ್ಟೆ ತನ್ನಿ. ಅದನ್ನು ನೆಲದ ಮೇಲೆ ಬೋರಲು ಹಾಕಿ, ಅದರ ಮೇಲೆ ಮನೆಯವರ ಮೊಬೈಲ್ ಫೋನು ಇಡಿ. ಫೋನು ಹಾಡಬಾರದು, ಬರೀ ನಡುಗಬೇಕು. ಅಂದರೆ ವೈಬ್ರೇಟ್‌ನಲ್ಲಿಡಿ. ಈಗ ಇನ್ನೊಂದು ಫೋನಿನಿಂದ ಅದಕ್ಕೆ ಕರೆ ಮಾಡಿ. ತಟ್ಟೆ ಎಷ್ಟು ಜೋರಾಗಿ ಬಡಬಡಿಸುತ್ತದೆ ನೋಡಿದಿರಾ? ಆಮೇಲೆ ತಟ್ಟೆಯ ಮೇಲೆ ನಾಲ್ಕು ಮಡಿಕೆ ಮಾಡಿದ ಟವೆಲ್ ಹಾಸಿ, ಫೋನನ್ನು ಅದರ ಮೇಲಿಟ್ಟು ಮತ್ತೆ ಕರೆ ಮಾಡಿ. ಫೋನು ಮೊದಲಿನ ಹಾಗೆಯೇ ನಡುಗುತ್ತಿದೆ. ಆದರೆ ತಟ್ಟೆ ಸುಮ್ಮನಾಗಿದೆ.

ನಡುಗುವವನು ಒಬ್ಬ, ಕೂಗುವವನು ಇನ್ನೊಬ್ಬ. ಇಬ್ಬರ ನಡುವೆ ಮೆತ್ತಗಿನದು ಏನಾದರೂ ಇಟ್ಟರೆ ನಡುಕ ದಾಟುವುದಿಲ್ಲ, ಕೂಗೂ ಏಳುವುದಿಲ್ಲ. ಇಷ್ಟು ಚಿಕ್ಕ ಸಂಗತಿಯಿಂದ ನಮ್ಮ ಮನೆಯಲ್ಲಿ ನಿಂತೇ ಹೋಗಬಹುದಾಗಿದ್ದ ಒಂದು ಕೆಲಸ ಮುಂದುವರಿಯಿತು. ಅದನ್ನೇ ನಿಮಗೆ ಹೇಳಬೇಕೆಂದಿದ್ದೇನೆ.

ನಮ್ಮೂರು ರಾಯಚೂರು ಜಿಲ್ಲೆಯ ಸಿಂಧನೂರು. ತುಂಗಭದ್ರೆಯ ಎಡದಂಡೆ ಕಾಲುವೆಯ ನೀರು ಬಂದ ಮೇಲೆ ಇದು ಭತ್ತದ ಊರಾಯಿತು. ಭತ್ತ ಬಂದಲ್ಲಿ ಅಕ್ಕಿ ಗಿರಣಿಗಳು ಬರಲೇಬೇಕಲ್ಲ? ಅಂಥ ಗಿರಣಿಗಳಲ್ಲಿ ನಾನು 34 ವರ್ಷ ಫಿಟರ್ ಆಗಿ ದುಡಿದೆ. ಬೆಲ್ಟು, ಬೇರಿಂಗು, ಮೋಟಾರು, ಜರಡಿ ಇವೇ ನನ್ನ ಒಡನಾಡಿಗಳು. ಗಿರಣಿಯವರಿಗೆ ರಬ್ಬರಿನ ಬೆಲೆ ಚೆನ್ನಾಗಿ ಗೊತ್ತು. ಭತ್ತದ ಹೊಟ್ಟು ಬಿಡಿಸುವ ಯಂತ್ರದಲ್ಲಿ ಎರಡು ರಬ್ಬರ್ ರೋಲುಗಳಿರುತ್ತವೆ. ಒಂದು ಬೇಗ ಸುತ್ತುತ್ತದೆ, ಇನ್ನೊಂದು ಸ್ವಲ್ಪ ನಿಧಾನ. ನಡುವೆ ಸಿಕ್ಕ ಭತ್ತದ ಸಿಪ್ಪೆ ಉಜ್ಜಿ ಸುಲಿದು ಹೋಗುತ್ತದೆ. ಅಲ್ಲಿ ರಬ್ಬರಿನ ಬದಲು ಕಬ್ಬಿಣದ ರೋಲು ಇದ್ದರೆ ಅಕ್ಕಿಗಿಂತ ನುಚ್ಚೇ ಹೆಚ್ಚು ಬೀಳುತ್ತದೆ. ಮೋಟಾರಿನ ಕಾಲಿನ ಕೆಳಗೆ ದಪ್ಪ ರಬ್ಬರಿನ ತುಂಡು ಇಡುವುದೂ ನಮಗೆ ರೂಢಿ. ಇಲ್ಲದಿದ್ದರೆ ಬೋಲ್ಟುಗಳು ತಾವಾಗಿಯೇ ಸಡಿಲಾಗುತ್ತವೆ, ಗೋಡೆ ಬಿರುಕು ಬಿಡುತ್ತದೆ.

ಈಗ ನಾನು ಮನೆಯಲ್ಲಿದ್ದೇನೆ. ಮಗ, ಸೊಸೆ, ಒಂಬತ್ತನೇ ತರಗತಿಯ ಮೊಮ್ಮಗಳು, ಮತ್ತು ನನ್ನ ಹೆಂಡತಿ. ಇವಳ ತವರು ಮಸ್ಕಿ. ಅಲ್ಲಿ ಹೊಲಮನೆ, ದನಕರು, ಬೀಸುವ ಕಲ್ಲು ಎಲ್ಲ ಇದ್ದ ದೊಡ್ಡ ಮನೆಯಲ್ಲಿ ಬೆಳೆದವಳು. ನಸುಕಿನಲ್ಲಿ ಎದ್ದು ಅವ್ವ, ಅತ್ತೆ, ಚಿಕ್ಕಮ್ಮಂದಿರ ಜೊತೆ ಜೋಳ ಬೀಸುತ್ತಾ ಕಲಿತ ಪದಗಳು ಇವಳ ಬಾಯಲ್ಲಿ ಇನ್ನೂ ಇವೆ. ಶಾಲೆಯ ಮುಖ ನೋಡಿದವಳಲ್ಲ. ಆ ಪದಗಳು ಯಾವ ಪುಸ್ತಕದಲ್ಲೂ ಇಲ್ಲ. ಕೆಲವು ಪದಗಳಲ್ಲಿ ಅವಳ ಅಜ್ಜಿಯ ಹೆಸರು, ಅವರ ಎತ್ತಿನ ಹೆಸರು, ಅವರ ಹೊಲದ ಹೆಸರು ಸೇರಿಕೊಂಡಿವೆ.

ಮೊಮ್ಮಗಳಿಗೆ ಆ ಪದಗಳನ್ನು ಬರೆದಿಡಬೇಕೆಂಬ ಆಸೆ ಹುಟ್ಟಿತು. ಬೆಂಗಳೂರಿನಲ್ಲಿರುವ ಅವಳ ಸೋದರಮಾವ ತಾನು ಬಳಸಿ ಬಿಟ್ಟ ಕಂಪ್ಯೂಟರನ್ನು ಅವಳಿಗೆ ಕೊಟ್ಟಿದ್ದ. ಕನ್ನಡ ಟೈಪಿಂಗ್ ಆಗಲೇ ಕಲಿತಿದ್ದಳು. ಅಜ್ಜಿ ಒಂದು ಸಾಲು ಹಾಡಬೇಕು, ಇವಳು ಟೈಪ್ ಮಾಡಬೇಕು, ಟೈಪ್ ಮಾಡಿದ್ದನ್ನು ಓದಿ ಹೇಳಬೇಕು, ಅಜ್ಜಿ ತಿದ್ದಬೇಕು. ಪಕ್ಕದಲ್ಲಿ ಫೋನು ರೆಕಾರ್ಡ್ ಮಾಡುತ್ತಿರಬೇಕು. ಹೀಗೆ ಅವಳ ಯೋಜನೆ. ಮೊದಲ ವಾರ ನಾಲ್ಕು ಪದ ಮುಗಿದವು. ಆಮೇಲೆ ಅಜ್ಜಿ ಆ ಕೋಣೆಗೆ ಬರುವುದನ್ನೇ ಬಿಟ್ಟಳು. ಕರೆದರೆ "ಇವತ್ತು ಬ್ಯಾಡವ್ವ, ತಲಿ ನೋಯ್ತೈತಿ" ಅನ್ನುತ್ತಿದ್ದಳು. ಮರುದಿನ ಇನ್ನೊಂದು ನೆಪ.

ಮೊಮ್ಮಗಳು ಕಣ್ಣಲ್ಲಿ ನೀರು ತಂದುಕೊಂಡು ನನ್ನ ಹತ್ತಿರ ಬಂದಳು. "ತಾತಾ, ಅಜ್ಜಿಗೆ ನನ್ನ ಕಂಪ್ಯೂಟರ್ ಕಂಡ್ರ ಆಗಂಗಿಲ್ಲ. ನನ್ನ ಕೂಡನೂ ಸಿಟ್ಟಾಗ್ಯಾಳ" ಅಂದಳು. ಅಜ್ಜಿಗೆ 76 ವರ್ಷ. ಕಳೆದ ಬೇಸಿಗೆಯಲ್ಲಿ ಹಾಡಿದ ಎರಡು ಪದಗಳ ನಡುವಿನ ಸಾಲು ಈ ಬೇಸಿಗೆಯಲ್ಲಿ ನೆನಪಾಗುತ್ತಿರಲಿಲ್ಲ. ಮೊಮ್ಮಗಳ ಅವಸರಕ್ಕೆ ಅದೇ ಕಾರಣ.

ಕಾರಣ ಏನೆಂಬುದನ್ನು ಕಂಡುಹಿಡಿದದ್ದು ಮೊಮ್ಮಗಳೇ. ಮೊದಲ ವಾರದ ರೆಕಾರ್ಡಿಂಗ್ ಕೇಳುತ್ತಾ ಕೂತಿದ್ದಾಗ ಅಜ್ಜಿಯ ದನಿಯ ಹಿಂದೆ ಒಂದು ಗುಂಯ್‌ಗುಡುವ ಸದ್ದು ಅವಳಿಗೆ ಕೇಳಿಸಿತು. ಸದ್ದು ಒಂದೇ ಸಮ ಇರಲಿಲ್ಲ. ಏರುತ್ತಿತ್ತು, ಇಳಿಯುತ್ತಿತ್ತು. ಒಂದು ರೆಕಾರ್ಡಿಂಗಿನಲ್ಲಿ ಮಾತ್ರ ಅದು ಕಡಿಮೆ ಇತ್ತು. ಆ ದಿನ ಫೋನನ್ನು ಮೇಜಿನ ಮೇಲಿಡದೆ ಕೈಯಲ್ಲಿ ಹಿಡಿದಿದ್ದಳಂತೆ. ಮೇಜಿನ ಮೇಲಿಟ್ಟರೆ ಗುಂಯ್ ಹೆಚ್ಚು, ಕೈಯಲ್ಲಿ ಹಿಡಿದರೆ ಕಡಿಮೆ. ಅಂದರೆ ಸದ್ದು ಗಾಳಿಯಲ್ಲಿ ಮಾತ್ರ ಬರುತ್ತಿಲ್ಲ, ಮೇಜಿನ ಮೂಲಕವೂ ಹರಿದು ಬರುತ್ತಿದೆ!

ಆಗ ಅವಳು ನೇರವಾಗಿ ಅಜ್ಜಿಯ ಪಕ್ಕ ಕೂತು ಕಿವಿಯ ಹತ್ತಿರ ಬಾಯಿಟ್ಟು ಕೇಳಿದಳು. "ಅಜ್ಜಿ, ಆ ಕೋಣ್ಯಾಗ ನಿನಗ ಏನು ಕೇಳಸ್ತೈತಿ?"

"ಏನು ಕೇಳಸ್ತೈತಿ! ನಿನ್ನ ಪೆಟ್ಟಿಗಿ ಗುಂಯ್ ಅಂತೈತಿ. ಕಿವ್ಯಾಗ ಜೇನುಹುಳ ಹೊಕ್ಕಂಗ ಆಗ್ತೈತಿ. ನೀ ಓದಿ ಹೇಳಿದ್ದು ಒಂದೂ ತಿಳಿಯಂಗಿಲ್ಲ. ಬರೇ ಹೂಂ ಹೂಂ ಅಂತ ಎಷ್ಟು ದಿನ ಕುಂದರ್ಲಿ? ನಿನಗ ಬ್ಯಾಸರ ಆಗಬಾರದು ಅಂತ ಸುಮ್ಮನಿದ್ದೆ."

ಅಜ್ಜಿ ಎರಡು ವರ್ಷದಿಂದ ಕಿವಿಯಂತ್ರ ಹಾಕಿಕೊಳ್ಳುತ್ತಾಳೆ. ದೊಡ್ಡವರ ಜೊತೆ ಇರುವ ಮಕ್ಕಳು ಇದನ್ನು ತಿಳಿದುಕೊಳ್ಳಬೇಕು. ಕನ್ನಡಕ ಹಾಕಿದರೆ ಕಣ್ಣು ಸರಿಹೋಗುವಂತೆ ಕಿವಿಯಂತ್ರ ಹಾಕಿದರೆ ಕಿವಿ ಪೂರ್ತಿ ಸರಿಹೋಗುವುದಿಲ್ಲ. ಎಳೆಯ ಕಿವಿ ಮತ್ತು ಮಿದುಳು ಸೇರಿ ಬೇಕಾದ ಮಾತನ್ನು ಆರಿಸಿಕೊಂಡು ಬೇಡದ ಸದ್ದನ್ನು ಹಿಂದಕ್ಕೆ ತಳ್ಳುತ್ತವೆ. ಅದಕ್ಕೇ ಫ್ಯಾನ್ ಸದ್ದು ನಮಗೆ ಸ್ವಲ್ಪ ಹೊತ್ತಿನಲ್ಲೇ ಮರೆತುಹೋಗುತ್ತದೆ. ಕಿವಿಯಂತ್ರ ಮಾತಿನ ಜೊತೆಗೆ ಸುತ್ತಲಿನ ಸದ್ದನ್ನೂ ದೊಡ್ಡದು ಮಾಡುತ್ತದೆ. ಗುಂಯ್ ಅನ್ನುವ ದಪ್ಪ ಸದ್ದು ಮಾತಿನ ಸಣ್ಣ ಅಕ್ಷರಗಳ ಮೇಲೆ ಕಂಬಳಿ ಹೊದಿಸಿದ ಹಾಗೆ ಕೂತುಬಿಡುತ್ತದೆ. ನಮಗೆ ಸಣ್ಣದಾಗಿದ್ದ ಸದ್ದು ಅಜ್ಜಿಗೆ ಜೇನುಗೂಡಾಗಿತ್ತು.

ಕಂಪ್ಯೂಟರ್ ಆರಿಸಿ ಹಾಡಿಸಬಹುದಿತ್ತಲ್ಲ ಎಂದು ನೀವು ಕೇಳಬಹುದು. ಹಾಡಿಸಬಹುದಿತ್ತು. ಆದರೆ ಸಾಲು ಸಾಲಾಗಿ ಓದಿ, ತಿದ್ದಿ, ಈ ಪದದ ಅರ್ಥ ಏನು, ಆ ಹೆಸರು ಯಾರದು ಎಂದು ಕೇಳಿ ಬರೆದುಕೊಳ್ಳುವುದೇ ಆ ಕೆಲಸದ ಜೀವಾಳ. ಅದಕ್ಕೆ ಕಂಪ್ಯೂಟರೂ ನಡೆಯಬೇಕು, ಅಜ್ಜಿಗೆ ಮಾತೂ ಕೇಳಿಸಬೇಕು.

ಸರಿ, ನನ್ನೊಳಗಿನ ಫಿಟರ್ ಎದ್ದು ಕೂತ. ಮೊದಲು ಸದ್ದು ಎಲ್ಲಿಂದ ಎಂದು ಗೊತ್ತುಮಾಡಬೇಕು. ಎಲ್ಲರೂ ಸಿಪಿಯು ಎಂದು ಕರೆಯುವ ಆ ತಗಡಿನ ಪೆಟ್ಟಿಗೆಯ ಪಕ್ಕದ ಹಾಳೆಯ ಮೇಲೆ ಅಂಗೈ ಒತ್ತಿ ಹಿಡಿ ಎಂದೆ. ಮೊಮ್ಮಗಳು ಒತ್ತಿದಳು. ಗುಂಯ್ ಅರ್ಧ ಇಳಿಯಿತು. ಕೈ ತೆಗೆದಳು, ಮತ್ತೆ ಏರಿತು. ನೀವೂ ಹೀಗೆ ಮಾಡಿ ನೋಡಬಹುದು. ಒತ್ತಿದಾಗ ಸದ್ದು ಇಳಿದರೆ ಕೂಗುತ್ತಿರುವುದು ತಗಡು. ಒತ್ತಿದರೂ ಇಳಿಯದಿದ್ದರೆ ಅದು ಗಾಳಿಯ ಸದ್ದೋ, ಸವೆದ ಬೇರಿಂಗಿನ ಸದ್ದೋ ಇರಬೇಕು.

ಆ ಪೆಟ್ಟಿಗೆ ಮೇಜಿಗೆ ತಗುಲಿಸಿ ಇಟ್ಟಿದ್ದ ಒಂದು ಹಳೆಯ ಕಬ್ಬಿಣದ ಟ್ರಂಕಿನ ಮೇಲಿತ್ತು. ಒಳಗೆ ಖಾಲಿ ಇರುವ ಟ್ರಂಕು ಅಂದರೆ ನಗಾರಿಯೇ. ಬಾಗಿಲಲ್ಲಿ ನಿಂತು ನೋಡುತ್ತಿದ್ದ ಅಜ್ಜಿ, "ಬೀಸೋ ಕಲ್ಲಿನ ಬುಡಕ ನಾವು ಗೋಣಿಚೀಲ ಮಡಚಿ ಹಾಕ್ತಿದ್ವಿ. ಇಲ್ಲಾಂದ್ರ ಮಲಗಿದ ಕೂಸು ಏಳ್ತಿತ್ತು" ಅಂದಳು. ಅವಳ ಮಾತಿನಂತೆ ಪೆಟ್ಟಿಗೆಯನ್ನು ಟ್ರಂಕಿನಿಂದ ಇಳಿಸಿ, ಮೇಜಿನಿಂದ ಸರಿಸಿ, ಗಟ್ಟಿ ಮರದ ಹಲಗೆಯ ಮೇಲಿಟ್ಟು, ಹಲಗೆಯ ಕೆಳಗೆ ಮಡಚಿದ ಗೋಣಿಚೀಲ ಹಾಕಿದೆವು. ಸದ್ದು ಕಡಿಮೆಯಾಯಿತು. ಆದರೆ ಜೇನುಹುಳ ಹೋಗಲಿಲ್ಲ, ದೂರ ಕೂತಿತು ಅಷ್ಟೇ.

ಹಾಗಾದರೆ ತಗಡನ್ನು ನಡುಗಿಸುತ್ತಿರುವುದು ಯಾರು? ಕಂಪ್ಯೂಟರಿನ ಒಳಗೆ ಬಿಸಿ ಹುಟ್ಟುತ್ತದೆ. ಆ ಬಿಸಿಯನ್ನು ಹೊರಗೆ ಹಾಕಲು ಪೆಟ್ಟಿಗೆಗೇ ಸಣ್ಣ ಫ್ಯಾನುಗಳನ್ನು ಕೂರಿಸಿರುತ್ತಾರೆ. ನಮ್ಮದರಲ್ಲಿ ಎರಡು. ಮುಂದಿನದು ತಂಪು ಗಾಳಿ ಒಳಗೆ ಎಳೆಯುತ್ತದೆ, ಹಿಂದಿನದು ಬಿಸಿ ಗಾಳಿ ಹೊರಗೆ ದೂಡುತ್ತದೆ. ಎರಡೂ 120 ಮಿಲಿಮೀಟರ್ ಅಳತೆಯ ಚೌಕದ ಫ್ಯಾನುಗಳು. ನಿಮಿಷಕ್ಕೆ ಸುಮಾರು 1,200 ಸುತ್ತು ಎಂದಿಟ್ಟುಕೊಂಡರೆ ಸೆಕೆಂಡಿಗೆ 20 ಸುತ್ತು. ಏಳು ರೆಕ್ಕೆಗಳಿದ್ದರೆ ಸೆಕೆಂಡಿಗೆ 140 ಸಲ ರೆಕ್ಕೆ ಒಂದೇ ಜಾಗವನ್ನು ದಾಟುತ್ತದೆ. ಯಾವ ಫ್ಯಾನಿನ ತೂಕವೂ ಎಲ್ಲ ಕಡೆ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಇರುವುದಿಲ್ಲ. ಒಂದು ಬದಿ ಚೂರು ಭಾರವಾದರೂ ಸುತ್ತುವಾಗ ನಡುಕ ಬರುತ್ತದೆ. ಆ ಫ್ಯಾನನ್ನು ನಾಲ್ಕು ಮೂಲೆಯಲ್ಲಿ ನಾಲ್ಕು ಸ್ಕ್ರೂ ಹಾಕಿ ತೆಳು ತಗಡಿಗೆ ಬಿಗಿದಿರುತ್ತಾರೆ.

ನಮ್ಮ ಕಡೆ ತತ್ವಪದ ಹಾಡುವವರ ಏಕತಾರಿ ನೋಡಿದ್ದೀರಲ್ಲ? ತಂತಿಯನ್ನು ಮಾತ್ರ ಎರಡು ಮೊಳೆಗಳ ನಡುವೆ ಬಿಗಿದು ಮೀಟಿದರೆ ಪಕ್ಕದವರಿಗೂ ಸರಿಯಾಗಿ ಕೇಳಿಸುವುದಿಲ್ಲ. ಅದೇ ತಂತಿಯನ್ನು ಬುರುಡೆಗೆ ಸೇರಿಸಿದರೆ ಗುಡಿಯ ತುಂಬ ನಾದ. ತಂತಿ ನಡುಗುತ್ತದೆ, ಬುರುಡೆ ಆ ನಡುಕವನ್ನು ಗಾಳಿಗೆ ಹಂಚುತ್ತದೆ. ನಮ್ಮ ಪೆಟ್ಟಿಗೆಯಲ್ಲೂ ಹಾಗೆಯೇ. ಫ್ಯಾನು ತಂತಿ, ತಗಡು ಬುರುಡೆ, ಸ್ಕ್ರೂ ಇವೆರಡನ್ನೂ ಕೂಡಿಸುವ ಸೇತುವೆ. ಏಕತಾರಿಯಲ್ಲಿ ಆ ಸೇತುವೆ ಬೇಕು. ಇಲ್ಲಿ ಅದನ್ನು ಮುರಿಯಬೇಕು.

ಮುರಿಯುವುದಕ್ಕೆಂದೇ ಒಂದು ಚಿಕ್ಕ ಸಾಮಾನು ಇದೆ. ಸ್ಕ್ರೂ ಬದಲಿಗೆ ಹಾಕುವ ರಬ್ಬರ್ ಪಿನ್. ಕೆಲವು ರಬ್ಬರಿನವು, ಕೆಲವು ಸಿಲಿಕೋನಿನವು. ಒಂದು ತುದಿಯಲ್ಲಿ ಅಗಲವಾದ ತಲೆ, ನಡುವೆ ಕುತ್ತಿಗೆ, ಅಲ್ಲಲ್ಲಿ ಗಂಟಿನಂಥ ಉಬ್ಬು, ಕೊನೆಗೆ ಇಲಿಬಾಲದಂಥ ಉದ್ದನೆಯ ಬಾಲ. ಒಂದು ಫ್ಯಾನಿಗೆ ನಾಲ್ಕು. ಮೊಮ್ಮಗಳು ಅದರ ಚಿತ್ರವನ್ನು ಫೋನಿನಲ್ಲಿಟ್ಟುಕೊಂಡು ನನ್ನ ಜೊತೆ ಹೊರಟಳು. ಸಿಂಧನೂರಿನ ಎರಡು ಅಂಗಡಿಗಳಲ್ಲಿ ಕೇಳಿದೆವು. ಒಬ್ಬರು, "ಯಜಮಾನ್ರ, ಸ್ಕ್ರೂ ಬಿಗಿ ಮಾಡ್ರಿ, ಸದ್ದು ಹೋಗ್ತೈತಿ" ಅಂದರು. ಸಡಿಲಾದ ಸ್ಕ್ರೂ ಲಟಲಟ ಅನ್ನುತ್ತದೆ. ಅದನ್ನು ಬಿಗಿದರೆ ಆ ಲಟಲಟ ಹೋಗುವುದು ನಿಜ. ನಮ್ಮದು ಬಿಗಿಯಾಗಿಯೇ ಇತ್ತು.

ಲಿಂಗಸುಗೂರಿನಲ್ಲಿ ಮಗಳ ಮನೆಯಿದೆ. ಅಲ್ಲಿ ವಿಚಾರಿಸೋಣವೆಂದು ಭಾನುವಾರ ಮೂವರೂ ಬಸ್ಸು ಹತ್ತಿದೆವು. ಸಿಂಧನೂರಿನಿಂದ ಲಿಂಗಸುಗೂರಿನ ದಾರಿಯಲ್ಲಿ ಮಸ್ಕಿ ಸಿಗುತ್ತದೆ. ಅಜ್ಜಿಯ ಅಕ್ಕ ಅಲ್ಲೇ ಇರುವುದರಿಂದ ಇಳಿದು ಊಟ ಮಾಡಿಕೊಂಡೇ ಮುಂದೆ ಹೋಗಬೇಕು, ಇಲ್ಲದಿದ್ದರೆ ಬೈಗುಳ. ಊಟವಾದ ಮೇಲೆ ಮೊಮ್ಮಗಳು ಅಶೋಕನ ಶಾಸನ ನೋಡಬೇಕೆಂದು ಹಟ ಹಿಡಿದಳು.

ಮಸ್ಕಿಯ ಆ ಬಂಡೆಗಲ್ಲಿನ ಕಥೆ ನಿಮಗೆ ಪಾಠದಲ್ಲಿ ಬಂದಿರಬಹುದು. 1915ರಲ್ಲಿ ಚಿನ್ನದ ಗಣಿಯ ಎಂಜಿನಿಯರ್ ಬೀಡನ್ ಎಂಬುವರು ಅದನ್ನು ಕಂಡರು. ಬ್ರಾಹ್ಮಿ ಲಿಪಿ, ಪ್ರಾಕೃತ ಭಾಷೆ. ಬೇರೆ ಕಡೆ ಸಿಕ್ಕಿದ್ದ ಶಾಸನಗಳಲ್ಲಿ ದೇವಾನಾಂಪ್ರಿಯ, ಪ್ರಿಯದರ್ಶಿ ಎಂಬ ಬಿರುದುಗಳಷ್ಟೇ ಇದ್ದವು. ಮಸ್ಕಿಯ ಕಲ್ಲಿನಲ್ಲಿ ದೇವಾನಾಂಪ್ರಿಯನ ಜೊತೆಗೆ ಅಶೋಕ ಎಂಬ ಹೆಸರೇ ಇತ್ತು. ಆ ಬಿರುದಿನ ರಾಜ ಅಶೋಕನೇ ಎಂಬುದಕ್ಕೆ ಅದು ಗಟ್ಟಿ ಸಾಕ್ಷಿಯಾಯಿತು. 2,200 ವರ್ಷಕ್ಕೂ ಹಿಂದೆ ಕೊರೆದ ಮಾತು!

ಮೊಮ್ಮಗಳು ಕಲ್ಲಿನ ಮುಂದೆ ಬಹಳ ಹೊತ್ತು ನಿಂತಳು. "ಒಂದು ಹೆಸರು ಕಲ್ಲಿನ್ಯಾಗ ಇದ್ದಿದ್ದಕ್ಕ ಎಲ್ಲಾ ಗೊತ್ತಾತು. ಇಲ್ಲಾಂದ್ರ?" ಅಂದಳು. ಅಜ್ಜಿಗೆ ಅದು ಕೇಳಿಸಲಿಲ್ಲ. ಏನಂದಳು ಎಂದು ನನ್ನನ್ನು ಕೇಳಿದಳು. ನಾನು ಜೋರಾಗಿ ಹೇಳಿದೆ. ಅಜ್ಜಿ ನಕ್ಕು, "ರಾಜ ಅದಾನ, ಕಲ್ಲಿಗೆ ಬರಸ್ಯಾನ. ನಮ್ಮ ಪದಕ್ಕ ಯಾರು ಕಲ್ಲು ಕೊಡ್ತಾರ?" ಅಂದಳು. ಮೊಮ್ಮಗಳು ಅವಳ ಕೈ ಹಿಡಿದುಕೊಂಡಳು, ಏನೂ ಮಾತಾಡಲಿಲ್ಲ.

ಲಿಂಗಸುಗೂರಿನ ಅಂಗಡಿಯ ಹುಡುಗ ಚಿತ್ರ ನೋಡಿ, ಒಳಗಿನ ಡಬ್ಬಿ ಕೆದಕಿ, ಒಂದು ಸಣ್ಣ ಪೊಟ್ಟಣ ತಂದ. ಯಾವುದೋ ಹೊಸ ಫ್ಯಾನಿನ ಜೊತೆ ಬಂದು ಉಳಿದದ್ದಂತೆ. ನಾಲ್ಕೇ ಪಿನ್. ನಮಗೆ ಬೇಕಾದದ್ದು ಎಂಟು. "ಇದಕ್ಕೇನು ರೊಕ್ಕ ತಗೊಳ್ಳಿ ಕಾಕಾ, ಒಯ್ರಿ" ಅಂದ. ನಾನು ಬಲವಂತವಾಗಿ ಅವನ ಕೈಗೆ ಚಹಾದ ದುಡ್ಡು ಇಟ್ಟೆ.

ಕೆಲಸ ಹೇಗೆ ಮಾಡಿದೆವು ಎಂದು ವಿವರವಾಗಿ ಹೇಳುತ್ತೇನೆ. ಮಕ್ಕಳು ದೊಡ್ಡವರನ್ನು ಪಕ್ಕದಲ್ಲಿ ಕೂರಿಸಿಕೊಂಡೇ ಮಾಡಬೇಕು. ಮೊದಲು ಕಂಪ್ಯೂಟರ್ ಆರಿಸಿ, ಗೋಡೆಯ ಪ್ಲಗ್ಗನ್ನೇ ಕಿತ್ತೆವು. ಆಮೇಲೆ ಪೆಟ್ಟಿಗೆಯ ಪವರ್ ಗುಂಡಿಯನ್ನು ಕೆಲವು ಸೆಕೆಂಡ್ ಒತ್ತಿ ಹಿಡಿದೆವು, ಒಳಗೆ ಉಳಿದ ವಿದ್ಯುತ್ ಖಾಲಿಯಾಗಲೆಂದು. ಒಳಗೆ ಕೈ ಹಾಕುವ ಮುನ್ನ ಬಣ್ಣವಿಲ್ಲದ ಲೋಹದ ಭಾಗವನ್ನೊಮ್ಮೆ ಮುಟ್ಟಬೇಕು. ನಮ್ಮ ಮೈಯ ಸ್ಥಿರವಿದ್ಯುತ್ ಸೂಕ್ಷ್ಮ ಭಾಗಗಳಿಗೆ ಕೆಡುಕು ಮಾಡಬಹುದು. ವಿದ್ಯುತ್ ಹಂಚುವ ಎಸ್‌ಎಂಪಿಎಸ್ ಎಂಬ ಡಬ್ಬಿಯನ್ನು ಮಾತ್ರ ಯಾರೂ ಬಿಚ್ಚಬಾರದು. ಪ್ಲಗ್ ಕಿತ್ತ ಮೇಲೂ ಅದರೊಳಗೆ ಶಾಕ್ ಹೊಡೆಯುವಷ್ಟು ವಿದ್ಯುತ್ ಉಳಿದಿರಬಹುದು.

ಪಕ್ಕದ ಹಾಳೆ ತೆಗೆದ ಕೂಡಲೇ ಮೊಮ್ಮಗಳು ಫೋಟೋ ತೆಗೆದಳು. ಯಾವ ವೈರು ಎಲ್ಲಿ ಸಿಕ್ಕಿಸಿದೆ, ಫ್ಯಾನಿನ ಮುಖ ಯಾವ ಕಡೆ ಎಂದು ಆಮೇಲೆ ಒದ್ದಾಡಬಾರದಲ್ಲ. ಕೆಲವು ಫ್ಯಾನುಗಳ ಅಂಚಿನಲ್ಲಿ ಗಾಳಿ ಯಾವ ಕಡೆ ಹೋಗುತ್ತದೆಂದು ಬಾಣದ ಗುರುತು ಇರುತ್ತದೆ. ಇಲ್ಲದಿದ್ದರೆ ಮೋಟಾರನ್ನು ಹಿಡಿದಿರುವ ಅಡ್ಡಪಟ್ಟಿಗಳು ಯಾವ ಬದಿಗಿವೆಯೋ ಸಾಮಾನ್ಯವಾಗಿ ಆ ಬದಿಯಿಂದ ಗಾಳಿ ಹೊರಬೀಳುತ್ತದೆ. ಒಳಗೆ ನಮ್ಮೂರಿನ ಎರೆಮಣ್ಣಿನ ಧೂಳು ಮೆತ್ತಿಕೊಂಡಿತ್ತು. ಫ್ಯಾನಿನ ವೈರು ಬಿಡಿಸಿ, ನಾಲ್ಕು ಸ್ಕ್ರೂ ಬಿಚ್ಚಿ, ಫ್ಯಾನನ್ನು ಹೊರತೆಗೆದು, ರೆಕ್ಕೆ ತಿರುಗದಂತೆ ಬೆರಳಲ್ಲಿ ಹಿಡಿದು ಮೆತ್ತನೆಯ ಬ್ರಷ್ಷಿನಿಂದ ಒರೆಸಿದೆವು. ಧೂಳು ಒಂದು ರೆಕ್ಕೆಗೆ ಹೆಚ್ಚು, ಒಂದಕ್ಕೆ ಕಡಿಮೆ ಮೆತ್ತಿದರೂ ತೂಕ ತಪ್ಪಿ ನಡುಕ ಹೆಚ್ಚುತ್ತದೆ.

ಈಗ ಪಿನ್. ಪೆಟ್ಟಿಗೆಯ ಹೊರಗಿನಿಂದ ಬಾಲವನ್ನು ತೂತಿನೊಳಗೆ ತೂರಿಸಿ, ಒಳಗಿನಿಂದ ಎಳೆಯಬೇಕು. ಮೊದಲ ಉಬ್ಬು ತೂತು ದಾಟಿದಾಗ ಟಪ್ ಎಂದು ಗೊತ್ತಾಗುತ್ತದೆ. ತಗಡು ಪಿನ್ನಿನ ಕುತ್ತಿಗೆಯಲ್ಲಿ ಕೂರುತ್ತದೆ, ತಲೆ ಹೊರಗೆ ಉಳಿಯುತ್ತದೆ. ಹೀಗೆ ನಾಲ್ಕೂ ಪಿನ್ ಹಾಕಿ, ನಾಲ್ಕು ಬಾಲಗಳನ್ನು ಫ್ಯಾನಿನ ನಾಲ್ಕು ತೂತುಗಳಲ್ಲಿ ಪೋಣಿಸಿ, ಒಂದೊಂದೇ ಬಾಲವನ್ನು ನೇರವಾಗಿ ಎಳೆಯಬೇಕು. ತೂತಿಗಿಂತ ದಪ್ಪ ಉಬ್ಬು ದಾಟುವುದು ಹೇಗೆ? ರಬ್ಬರನ್ನು ಎಳೆದರೆ ಅದು ಉದ್ದವಾಗುವುದರ ಜೊತೆಗೆ ತೆಳ್ಳಗೂ ಆಗುತ್ತದೆ. ದಾಟಿದ ಮೇಲೆ ಬಿಟ್ಟರೆ ಮತ್ತೆ ದಪ್ಪವಾಗಿ ಕೊಕ್ಕೆಯಂತೆ ಹಿಡಿದುಕೊಳ್ಳುತ್ತದೆ. ಬಾಲ ಉದ್ದ ಇರುವುದು ಹಿಡಿದು ಎಳೆಯಲಿಕ್ಕೇ.

ನನ್ನ ಬೆರಳುಗಳು ಈಗ ಸಣ್ಣ ಕೆಲಸಕ್ಕೆ ಬಗ್ಗುವುದಿಲ್ಲ. ಎಳೆದದ್ದೆಲ್ಲ ಮೊಮ್ಮಗಳು. ಮೂರನೆಯ ಪಿನ್ ಗಟ್ಟಿಯಾಗಿತ್ತು. ಎಣ್ಣೆ ಹಚ್ಚಲೇ ಎಂದು ಕೇಳಿದಳು. ಬೇಡವೆಂದೆ. ಗಿರಣಿಯಲ್ಲಿ ಮೊದಲು ಕಲಿಯುವ ಪಾಠವೇ ಅದು. ಮೆಷಿನ್ ಎಣ್ಣೆ ತಾಗಿದ ರಬ್ಬರು ಉಬ್ಬಿ ಮೆತ್ತಗಾಗಿ ಹಾಳಾಗುತ್ತದೆ. ಇಕ್ಕಳದಿಂದ ಕಚ್ಚಿ ಎಳೆದರೆ ಬಾಲ ಹರಿಯಬಹುದು. ಬಾಲಕ್ಕೆ ಒಣ ಬಟ್ಟೆ ಸುತ್ತಿ ಬಿಗಿಯಾಗಿ ಹಿಡಿದು ನಿಧಾನ ಎಳೆದಳು. ಟಪ್! ಎಲ್ಲ ಮುಗಿದ ಮೇಲೆ ಫ್ಯಾನಿಗೂ ತಗಡಿಗೂ ನಡುವೆ ಎಲ್ಲ ಕಡೆ ಸಣ್ಣ ಸಂದು ಇದೆಯೇ ಎಂದು ಒಂದು ಕಾಗದ ತೂರಿಸಿ ನೋಡಿದೆವು. ಎಲ್ಲಾದರೂ ಒಂದು ಕಡೆ ಪ್ಲಾಸ್ಟಿಕ್ ತಗಡಿಗೆ ತಾಗಿದರೂ ಪಟ್ಟ ಶ್ರಮ ವ್ಯರ್ಥ. ಬಾಲಗಳು ರೆಕ್ಕೆಗಾಗಲಿ ವೈರಿಗಾಗಲಿ ತಾಗದಂತೆ ಕತ್ತರಿಸಿದೆವು. ಬುಡದವರೆಗೆ ಕತ್ತರಿಸಲಿಲ್ಲ. ಮುಂದೆ ಬಿಚ್ಚಿ ಮತ್ತೆ ಹಾಕಬೇಕಾದರೆ ಹಿಡಿಯಲು ತುದಿ ಬೇಕಲ್ಲ.

ರಬ್ಬರು ನಡುಕವನ್ನು ಹೇಗೆ ತಡೆಯುತ್ತದೆ? ಇದಕ್ಕೂ ಒಂದು ಆಟ ಹೇಳುತ್ತೇನೆ. ಒಂದು ಸಣ್ಣ ಕಲ್ಲಿಗೆ ರಬ್ಬರ್ ಬ್ಯಾಂಡ್ ಕಟ್ಟಿ ನೇತುಹಾಕಿ ಹಿಡಿಯಿರಿ. ಕೈಯನ್ನು ತೀರ ನಿಧಾನವಾಗಿ ಮೇಲೆ ಕೆಳಗೆ ಮಾಡಿದರೆ ಕಲ್ಲೂ ಕೈಯ ಜೊತೆ ಹೋಗುತ್ತದೆ. ಸ್ವಲ್ಪ ಬೇಗ ಮಾಡಿ. ಯಾವುದೋ ಒಂದು ವೇಗದಲ್ಲಿ ಕಲ್ಲು ಹುಚ್ಚು ಹಿಡಿದಂತೆ ಕುಣಿಯುತ್ತದೆ. ಪಂಚಮಿಯ ಜೋಕಾಲಿಯನ್ನು ಅದರ ತಾಳಕ್ಕೆ ಸರಿಯಾಗಿ ನೂಕಿದರೆ ಆಕಾಶಕ್ಕೇರುತ್ತದಲ್ಲ, ಹಾಗೆ. ಇನ್ನೂ ಬೇಗ ಬೇಗ ಕೈ ಅಲ್ಲಾಡಿಸಿ. ಕೈ ನಡುಗುತ್ತಿದೆ, ಕಲ್ಲು ಹೆಚ್ಚುಕಡಿಮೆ ನಿಂತಲ್ಲೇ ನಿಂತಿದೆ! ಪ್ರತಿ ರಬ್ಬರಿಗೂ ಅದಕ್ಕೆ ಕಟ್ಟಿದ ಭಾರಕ್ಕೂ ಸೇರಿ ತನ್ನದೇ ಒಂದು ತಾಳವಿರುತ್ತದೆ. ನಡುಕದ ವೇಗ ಆ ತಾಳದ ಸುಮಾರು 1.4 ಪಟ್ಟಿಗಿಂತ ಹೆಚ್ಚಾದರೆ ನಡುಕ ದಾಟುವುದು ಕಡಿಮೆಯಾಗುತ್ತಾ ಹೋಗುತ್ತದೆ. ಅದಕ್ಕೇ ರಬ್ಬರು ಮೆತ್ತಗಿರಬೇಕು. ಗಟ್ಟಿ ರಬ್ಬರಿನ ತಾಳ ಚುರುಕು, ಮೆತ್ತನೆಯದರ ತಾಳ ನಿಧಾನ. ಹಳೆಯದಾಗಿ ಕಲ್ಲಿನಂತಾದ ಪಿನ್ನು ಸ್ಕ್ರೂವಿಗೆ ಸಮ.

ಹಿಂದಿನ ಫ್ಯಾನಿಗೆ ಪಿನ್ ಹಾಕಿ ಕಂಪ್ಯೂಟರ್ ಚಾಲೂ ಮಾಡಿದೆವು. ಗುಂಯ್ ಪೂರ್ತಿ ಹೋಗಲಿಲ್ಲ, ಆದರೆ ಆ ಏರಿಳಿತ ಮಾಯವಾಗಿತ್ತು. ಅದೂ ಒಂದು ಸೋಜಿಗ. ಒಂದು ಫ್ಯಾನು ನಿಮಿಷಕ್ಕೆ 1,200 ಸುತ್ತು, ಇನ್ನೊಂದು 1,230 ಸುತ್ತು ಎನ್ನಿ. ಇಬ್ಬರ ನಡುಕ ಒಮ್ಮೆ ಜೊತೆಗೂಡುತ್ತದೆ, ಒಮ್ಮೆ ಎದುರುಬದುರಾಗುತ್ತದೆ. ಹೀಗೆ ನಿಮಿಷಕ್ಕೆ 30 ಸಲ ತಗಡಿನ ನಡುಕ ಏರಿ ಇಳಿಯುತ್ತದೆ. ಒಬ್ಬನನ್ನು ತಗಡಿನಿಂದ ಬಿಡಿಸಿದ್ದೇ ತಡ, ಜಗಳ ನಿಂತಿತು.

ಮುಂದಿನ ಫ್ಯಾನಿಗೆ ಪಿನ್ ಇರಲಿಲ್ಲ. ಹಳೆಯ ಸೈಕಲ್ ಟ್ಯೂಬಿನಿಂದ ವಾಷರ್ ಕತ್ತರಿಸಿ, ಫ್ಯಾನು ಮತ್ತು ತಗಡಿನ ನಡುವೆ ಇಟ್ಟು ಸ್ಕ್ರೂ ಹಾಕಿದೆ. ಚೂರು ಇಳಿಯಿತು, ಅಷ್ಟೇ. ಅಷ್ಟೇ ಇಳಿದೀತೆಂದು ಮೊದಲೇ ಮೊಮ್ಮಗಳಿಗೆ ಹೇಳಿದ್ದೆ. ರಬ್ಬರು ನಡುವೆ ಇದ್ದರೂ ಸ್ಕ್ರೂ ಎಂಬ ಕಬ್ಬಿಣದ ಸೇತುವೆ ಇನ್ನೂ ಇದೆ. ನಡುಕ ರಬ್ಬರಿನ ದಾರಿ ಬಿಟ್ಟು ಸ್ಕ್ರೂವಿನ ದಾರಿ ಹಿಡಿಯುತ್ತದೆ. ಬಿಗಿಯಾಗಿ ಒತ್ತಿದ ರಬ್ಬರೂ ಗಟ್ಟಿಯಾದಂತೆಯೇ. ಹತ್ತು ದಿನದ ಮೇಲೆ ಸೋದರಮಾವ ಬೆಂಗಳೂರಿನಿಂದ ನಾಲ್ಕು ಪಿನ್ ಕಳಿಸಿದ. ಅವನ್ನು ಹಾಕಿದ ದಿನ ಪೆಟ್ಟಿಗೆಯ ಮೇಲೆ ಅಂಗೈ ಇಟ್ಟರೆ ತಗಡು ಸತ್ತಂತೆ ಮಲಗಿತ್ತು.

ನಮ್ಮ ಕಡೆ ಬೇಸಿಗೆಯಲ್ಲಿ 40 ಡಿಗ್ರಿ ದಾಟುತ್ತದೆ. ಸದ್ದು ಬೇಡವೆಂದು ಫ್ಯಾನನ್ನೇ ಆರಿಸಿದರೆ ಕಂಪ್ಯೂಟರ್ ಬಿಸಿಯಾಗಿ ನಿಂತುಬಿಡಬಹುದು. ಪಿನ್ ಹಾಕಿದ್ದರಿಂದ ಗಾಳಿ ಕಡಿಮೆಯಾಗಲಿಲ್ಲ. ಹಿಂದಿನ ಜಾಲರಿಯ ಮುಂದೆ ಕಾಗದದ ಚೂರು ಹಿಡಿದರೆ ಮೊದಲಿನಂತೆಯೇ ಹಾರುತ್ತಿತ್ತು. ಗಾಳಿಯ ಸುಯ್ ಅನ್ನುವ ಸದ್ದನ್ನು ರಬ್ಬರು ತಡೆಯಲಾರದು, ಅದು ಈಗಲೂ ಇದೆ. ಬೇರಿಂಗು ಸವೆದು ಕರಕರ ಅನ್ನುವ ಫ್ಯಾನಿಗೆ ಪಿನ್ ಹಾಕುವುದೂ ದಂಡ, ಫ್ಯಾನನ್ನೇ ಬದಲಿಸಬೇಕು.

ಅಂದು ಸಂಜೆ ಮೊಮ್ಮಗಳು ಅಜ್ಜಿಯನ್ನು ಕರೆಯಲಿಲ್ಲ. ಕಂಪ್ಯೂಟರ್ ಚಾಲೂ ಮಾಡಿ, ಮೊದಲ ವಾರ ಬರೆದ ಪದವನ್ನು ತನ್ನಷ್ಟಕ್ಕೆ ಓದುತ್ತಾ ಕೂತಳು. ಪಡಸಾಲೆಯಲ್ಲಿದ್ದ ಅಜ್ಜಿ ಸ್ವಲ್ಪ ಹೊತ್ತಿಗೆ ಬಾಗಿಲಿಗೆ ಬಂದು ನಿಂತಳು. ಆಮೇಲೆ ಒಳಗೆ ಬಂದು ಕೂತಳು. "ಗಾಳಿ ಸದ್ದು ಐತಿ, ಜೇನುಹುಳ ಹೋತು" ಅಂದಳು. ಮೊಮ್ಮಗಳು ಮುಂದಿನ ಸಾಲು ಓದಿದಳು. "ಅಲ್ಲ, ಅಲ್ಲ! ಅದು ಬಿಳೇ ಎತ್ತಲ್ಲವ್ವ, ಮಾಸ ಎತ್ತು. ಯಾರು ಹಿಂಗ ಬರದಾರ?" ಎಂದು ಅಜ್ಜಿ ತಡೆದಳು. ಮೊದಲ ವಾರ ಅದೇ ಸಾಲಿಗೆ ಹೂಂ ಅಂದಿದ್ದವಳು ಅವಳೇ! ಆ ಸಂಜೆ ಹಳೆಯ ನಾಲ್ಕು ಪದಗಳಲ್ಲಿ 11 ತಿದ್ದುಪಡಿಗಳಾದವು.

ಈಗ 23 ಪದಗಳಾಗಿವೆ. ಮೂರು ಪದಗಳ ನಡುವಿನ ಸಾಲುಗಳು ಅಜ್ಜಿಗೆ ಎಷ್ಟು ಯೋಚಿಸಿದರೂ ಬರುತ್ತಿಲ್ಲ. ಮೊಮ್ಮಗಳು ಅಲ್ಲಿ ಜಾಗ ಖಾಲಿ ಬಿಟ್ಟು ಚುಕ್ಕೆ ಹಾಕಿದ್ದಾಳೆ. ಮಸ್ಕಿಯಲ್ಲಿರುವ ಅಕ್ಕನಿಗೆ ಅವು ನೆನಪಿರಬಹುದೆಂದು ಅಜ್ಜಿಯ ನಂಬಿಕೆ. ಆಕೆಗೆ 81. ಬರುವ ಭಾನುವಾರ ಬೆಳಗಿನ ಬಸ್ಸಿಗೆ ಹೊರಡುವವರಿದ್ದೇವೆ. ಅಕ್ಕನ ಮನೆಯಲ್ಲಿ ಬೀಸುವ ಕಲ್ಲು ಇನ್ನೂ ಇದೆ. ಬರೀ ಕೂತು ನೆನಪು ಮಾಡಿಕೊಂಡರೆ ಬರದ ಸಾಲು, ಕಲ್ಲಿನ ಗೂಟ ಹಿಡಿದರೆ ತಾನಾಗಿ ಬರುತ್ತದೆ ಎನ್ನುತ್ತಾಳೆ ಅಜ್ಜಿ. ಬೀಸುವಾಗ ಫೋನನ್ನು ನೆಲದ ಮೇಲಿಡಬಾರದೆಂದು ಮೊಮ್ಮಗಳು ದಪ್ಪ ಟವೆಲ್ಲೊಂದನ್ನು ಇವತ್ತೇ ಮಡಚಿ ಚೀಲದಲ್ಲಿಟ್ಟಿದ್ದಾಳೆ.